ಪ್ರಾಸ್ಟೇಟ್ ಅರ್ಬುದದ ಕಿರಣಚಿಕಿತ್ಸೆಯಲ್ಲಿ ಯೋಜನಾರಚನೆಯ ಇತಿಹಾಸ

ಪುರುಷದೇಹದಲ್ಲಿ ಮೂತ್ರಕೋಶದ ಕೆಳಗಡೆ, ಗುದನಾಳದ ಮುಂಭಾಗದಲ್ಲಿ, ಮೂತ್ರನಾಳದ ಮೊದಲ ಭಾಗವನ್ನು ಸುತ್ತುವರಿದುಕೊಂಡು ಒಂದು ಸಣ್ಣ ಗ್ರಂಥಿಯಿದೆ. ಅದಕ್ಕೆ ಪ್ರಾಸ್ಟೇಟ್ ಎಂದು ಹೆಸರು. ಈ ಶಬ್ದವು ಗ್ರೀಕ್ ಭಾಷೆಯಿಂದ ಬಂದುದು. ‘ಮುಂದೆ ನಿಂತವನು’ ಎಂಬುದು ಅದರ ಮೂಲಾರ್ಥ. ಯೌವನದಲ್ಲಿ ಈ ಗ್ರಂಥಿಯು ಅಕ್ರೋಟಿನಷ್ಟು ದಪ್ಪವಾಗಿರುವುದು. ವಯಸ್ಸು ಕಳೆದಂತೆ ಹಿಗ್ಗುವುದು. ವೃದ್ಧಾಪ್ಯದಲ್ಲಿ ಇದರಲ್ಲಿ ಅರ್ಬುದವು, ಎಂದರೆ ಕ್ಯಾನ್ಸರ್ ರೋಗವು, ಹುಟ್ಟಿಕೊಳ್ಳುವುದು ಅಪರೂಪವೇನೂ ಅಲ್ಲ. ಹಾಗೆ ಹುಟ್ಟಿದ ಅರ್ಬುದವನ್ನು ಶಸ್ತ್ರದಿಂದ ತೆಗೆದುಹಾಕುವುದು ಒಂದು ಮಾರ್ಗ. ಹೊರಗಿನಿಂದ ಕ್ಷ-ಕಿರಣಗಳನ್ನು ಹಾಯಿಸಿ ಅದರ ಜೀವಕಣಗಳನ್ನು ನಾಶಮಾಡುವುದು ಇನ್ನೊಂದು ಮಾರ್ಗ. ಈ ಎರಡನೆಯ ಮಾರ್ಗದ ಕಷ್ಟವೆಲ್ಲವೂ ಗ್ರಂಥಿಯ ನೆರೆಹೊರೆಯಿಂದ ಬಂದುದು. ಗುದನಾಳದ ಮುಂಗೋಡೆಯು ಗ್ರಂಥಿಯ ಬೆನ್ನಿಗೆ ಅಂಟಿಕೊಂಡಂತೆಯೇ ಇದೆ. ಎರಡಕ್ಕೂ ನಡುವಣ ಅಂತರವು ಕೆಲವು ಮಿಲಿಮೀಟರುಗಳು ಮಾತ್ರ. ರೋಗಪೀಡಿತವಾದ ಕಣ ಯಾವುದು, ಆರೋಗ್ಯವಾದ ಕಣ ಯಾವುದು ಎಂಬ ವಿವೇಕವು ಕಿರಣಗಳಿಗಿಲ್ಲ. ಗ್ರಂಥಿಗೆ ಸಾಲದಷ್ಟು ಕಿರಣ ಬಿದ್ದರೆ ರೋಗವು ಉಳಿಯುತ್ತದೆ. ಗುದನಾಳಕ್ಕೆ ಹೆಚ್ಚಾಗಿ ಬಿದ್ದರೆ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ರಕ್ತಸ್ರಾವ ಮೊದಲಾದ ಉಪದ್ರವಗಳು ತಲೆದೋರಿ, ರೋಗದಿಂದ ಪಾರಾದ ಮನುಷ್ಯನನ್ನು ಬಹುಕಾಲ ಕಾಡುತ್ತವೆ.

ಆದುದರಿಂದ ಕಿರಣವನ್ನು ಹಾಯಿಸುವುದಕ್ಕೆ ಮೊದಲು, ಯಾವ ಯಾವ ದಿಕ್ಕಿನಿಂದ, ಎಷ್ಟೆಷ್ಟು ಅಗಲದ, ಎಷ್ಟೆಷ್ಟು ತೀವ್ರತೆಯ ಕಿರಣಪುಂಜಗಳನ್ನು ಕಳುಹಿಸಬೇಕೆಂಬುದನ್ನು ಲೆಕ್ಕಮಾಡಿ ಬರೆದಿಡುವ ಪದ್ಧತಿಯುಂಟು. ಇದಕ್ಕೆ ಚಿಕಿತ್ಸಾಯೋಜನೆ ಎಂದು ಹೆಸರು. ಒಂದು ಕಾಲದಲ್ಲಿ ಕಾಗದದ ಮೇಲೆ ಸೀಸದಕಡ್ಡಿಯಿಂದ ನಡೆಯುತ್ತಿದ್ದ ಈ ಕೆಲಸವನ್ನು ಈಗ ಗಣಕಯಂತ್ರಗಳು ಬಹುಮಟ್ಟಿಗೆ ತಾವಾಗಿಯೇ ಮಾಡಬಲ್ಲುವು. ಈ ಮಾರ್ಪಾಡನ್ನು ಯಂತ್ರಗಳ ದಿಗ್ವಿಜಯವೆಂಬಂತೆ ವರ್ಣಿಸುವುದು ವಾಡಿಕೆಯಾಗಿದೆ. ಆದರೆ ಮೊದಲಿನಿಂದ ಕ್ರಮವಾಗಿ ನೋಡುತ್ತ ಬಂದರೆ ಬೇರೊಂದು ಸಂಗತಿಯು ಗೋಚರವಾಗುತ್ತದೆ. ಲೆಕ್ಕವು ಯಂತ್ರದ ಪಾಲಿಗೆ ಹೋದುದು ಬೇಗನೆಯೇ. ತನಗೆ ಬೇಕಾದುದು ಇಂಥದೆಂದು ವೈದ್ಯನು ಬಾಯಿಬಿಟ್ಟು ಹೇಳುವುದೇ ತಡವಾಯಿತು. ‘ಈ ಯೋಜನೆ ಒಳ್ಳೆಯದು’ ಎಂಬ ಚಿಕ್ಕ ವಾಕ್ಯದ ಅರ್ಥವನ್ನು ಅಂಕೆಗಳಲ್ಲಿ ಬಿಡಿಸಿಡಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ಕೆಲಸವು ಪೂರ್ತಿಯಾಗಿದೆಯೆಂದು ಈಗಲೂ ಹೇಳುವಂತಿಲ್ಲ.

೧೮೯೫ನೆಯ ಇಸವಿ ನವೆಂಬರಿನಲ್ಲಿ ಜರ್ಮನಿಯ ವುರ್ಟ್ಸ್‌ಬರ್ಗ್ ನಗರದಲ್ಲಿ ರಂಟ್ಜೆನ್ ಪಂಡಿತನು ಕ್ಷ-ಕಿರಣಗಳನ್ನು ಕಂಡುಹಿಡಿದುದೂ, ೧೮೯೮ರಲ್ಲಿ ಪ್ಯಾರಿಸಿನಲ್ಲಿ ಕ್ಯೂರಿ ದಂಪತಿಗಳು ರೇಡಿಯಂ ಧಾತುವನ್ನು ಕಂಡುಹಿಡಿದುದೂ ಪ್ರಸಿದ್ಧವಾದ ಸಂಗತಿಗಳು. ಪ್ರಾಸ್ಟೇಟ್ ಅರ್ಬುದಕ್ಕೆ ಮೊದಲು ಉಪಯೋಗಕ್ಕೆ ಬಂದುದು ರೇಡಿಯಂ. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಪ್ಯಾರಿಸಿನ ಪಾಸ್ತೋ ಎಂಬ ವೈದ್ಯನು ಮೂತ್ರನಾಳದೊಳಕ್ಕೆ ತೂರಿಸಿದ ಕೊಳವೆಯ ಮೂಲಕ ರೇಡಿಯಂ ತುಣುಕನ್ನು ಗ್ರಂಥಿಯ ಸಮೀಪಕ್ಕೆ ಒಯ್ದನು. ಅಮೆರಿಕದ ಬಾಲ್ಟಿಮೋರಿನಲ್ಲಿ ಹ್ಯೂ ಹ್ಯಾಂಪ್ಟನ್ ಯಂಗ್ ಎಂಬಾತನು ಇದೇ ಬಗೆಯ ಸಾಧನಗಳನ್ನು ರಚಿಸಿದನು. ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯ ಬೆಂಜಮಿನ್ ಬ್ಯಾರಿಂಜರ್ ರೇಡಿಯಂ ತುಂಬಿದ ಸೂಜಿಗಳನ್ನು ನೇರವಾಗಿ ಗ್ರಂಥಿಯೊಳಕ್ಕೇ ಚುಚ್ಚಿ, ತನ್ನ ಅನುಭವವನ್ನು ೧೯೧೭ರಲ್ಲಿ ಪ್ರಕಟಿಸಿದನು. ಈ ಕಾಲದಲ್ಲಿ ಯೋಜನೆ ಎಂಬುದು ಇರಲಿಲ್ಲವೆಂದೇ ಹೇಳಬೇಕು. ಎಷ್ಟು ಮಿಲಿಗ್ರಾಂ ರೇಡಿಯಂ ಎಷ್ಟು ಗಂಟೆ ದೇಹದಲ್ಲಿದ್ದಿತೆಂಬುದೇ ಲೆಕ್ಕ. ಅದು ಒಲೆಗೆ ಹಾಕಿದ ಸೌದೆಯನ್ನು ತೂಗಿದಂತೆಯೇ ಹೊರತು ಪಾತ್ರೆಯೊಳಗಿನ ಅನ್ನ ಬೆಂದಿತೇ ಎಂದು ನೋಡಿದಂತಲ್ಲ.

ಕಿರಣವನ್ನು ಅಳೆಯಲು ಸರ್ವಸಮ್ಮತವಾದ ಒಂದು ಮಾನವು ದೊರೆತುದು ೧೯೨೮ರಲ್ಲಿ. ಸ್ಟಾಕ್‌ಹೋಮಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನವು ಅದನ್ನು ಅಂಗೀಕರಿಸಿತು. ೧೯೩೪ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಪ್ಯಾಟರ್ಸನ್ ಮತ್ತು ಪಾರ್ಕರ್ ಎಂಬಿಬ್ಬರು, ರೇಡಿಯಂ ತುಣುಕುಗಳನ್ನು ಯಾವ ವಿನ್ಯಾಸದಲ್ಲಿ ಹಂಚಿದರೆ ನಡುವಣ ಮಾಂಸಖಂಡಕ್ಕೆ ಏಕರೂಪವಾದ ಪ್ರಮಾಣವು ದೊರೆಯುವುದೆಂಬುದಕ್ಕೆ ಸೂತ್ರಗಳನ್ನೂ ಕೋಷ್ಟಕಗಳನ್ನೂ ರಚಿಸಿದರು. ನ್ಯೂಯಾರ್ಕಿನಲ್ಲಿ ಎಡಿತ್ ಕ್ವಿಂಬಿ ಎಂಬ ವಿದುಷಿಯೂ ಬೇರೊಂದು ಪದ್ಧತಿಯನ್ನು ನಿರ್ಮಿಸಿದಳು. ಅನುಭವಿಯ ಕೈಯಲ್ಲಿದ್ದ ಹದವು ಅನನುಭವಿಗೂ ದೊರೆಯುವಂತೆ ಬರಹಕ್ಕೆ ಇಳಿದುದು ಇಲ್ಲಿಯೇ ಮೊದಲು.

ಆದರೆ ಪ್ರಾಸ್ಟೇಟಿನ ಮಟ್ಟಿಗೆ ಈ ಪ್ರಗತಿಯು ಬಹುಕಾಲ ಫಲಿಸಲಿಲ್ಲ. ಆಗಿನ ಕ್ಷ-ಕಿರಣಯಂತ್ರಗಳ ಶಕ್ತಿ ಅಲ್ಪ. ದೇಹದ ಆಳದಲ್ಲಿರುವ ಗ್ರಂಥಿಗೆ ಸಾಕಾಗುವಷ್ಟು ಕಿರಣ ತಲಪುವ ಮೊದಲೇ ಮೇಲಿನ ಚರ್ಮವು ಸುಟ್ಟುಹೋಗುತ್ತಿದ್ದಿತು. ೧೯೪೧ರಲ್ಲಿ ಷಿಕಾಗೋ ನಗರದ ಚಾರ್ಲ್ಸ್ ಹಗಿನ್ಸ್ ಮತ್ತು ಆತನ ಸಹೋದ್ಯೋಗಿಗಳು, ಪುರುಷಗ್ರಂಥಿರಸವನ್ನು ತಡೆದರೆ ಈ ಅರ್ಬುದವು ಕುಗ್ಗುವುದೆಂದು ತೋರಿಸಿಕೊಟ್ಟರು. ಹಗಿನ್ಸನಿಗೆ ೧೯೬೬ರಲ್ಲಿ ನೊಬೆಲ್ ಪಾರಿತೋಷಕವು ಬಂದುದು ಈ ಶೋಧನೆಗಾಗಿಯೇ. ಇಂಥ ಸುಲಭೋಪಾಯವು ಕೈಗೆ ಬಂದ ಮೇಲೆ ಕಿರಣಗಳನ್ನು ಕೇಳುವವರಿಲ್ಲದೆ ಹೋಯಿತು.

ಮತ್ತೆ ಅದು ಚಲಾವಣೆಗೆ ಬಂದುದು ಹೊಸ ಯಂತ್ರಗಳಿಂದ. ೧೯೫೧ರಲ್ಲಿ ಕೆನಡಾ ದೇಶದ ಎರಡು ಊರುಗಳಲ್ಲಿ ಕೋಬಾಲ್ಟ್ ಯಂತ್ರಗಳು ಕೆಲಸಮಾಡತೊಡಗಿದುವು. ೧೯೫೬ರಲ್ಲಿ ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ವಿದ್ಯಾಪೀಠದಲ್ಲಿ ಹೆನ್ರಿ ಕ್ಯಾಪ್ಲನ್ ಎಂಬ ವೈದ್ಯನೂ ಎಡ್ವರ್ಡ್ ಗಿಂಟ್ಸನ್ ಎಂಬ ಭೌತಶಾಸ್ತ್ರಜ್ಞನೂ ಸೇರಿ ರೂಪಿಸಿದ ರೇಖೀಯ ವೇಗವರ್ಧಕಯಂತ್ರವು ರೋಗಿಗಳ ಸೇವೆಗೆ ಬಂದಿತು. ಅದರ ಕಿರಣಗಳು ಚರ್ಮವನ್ನು ಬಹುಮಟ್ಟಿಗೆ ಬಿಟ್ಟು ಆಳದಲ್ಲಿ ಕೆಲಸಮಾಡುವಂಥವು. ಅಲ್ಲಿಯ ಮ್ಯಾಲ್ಕಂ ಬ್ಯಾಗ್‌ಷಾ ಅದೇ ವರ್ಷದಿಂದ ಪ್ರಾಸ್ಟೇಟ್ ರೋಗಿಗಳಿಗೆ ಈ ಯಂತ್ರದಿಂದ ಚಿಕಿತ್ಸೆಮಾಡುತ್ತ ಬಂದು, ೧೯೬೫ರಲ್ಲಿ ಕ್ಯಾಪ್ಲನ್ ಮೊದಲಾದವರೊಡನೆ ಅದರ ಫಲವನ್ನು ಪ್ರಕಟಿಸಿದನು. ಶಸ್ತ್ರವಿಲ್ಲದೆ ಈ ಅರ್ಬುದವನ್ನು ಗುಣಪಡಿಸುವ ಆಸೆಗೆ ಆಧಾರವು ಅಲ್ಲಿಂದ ದೊರೆಯಿತು.

ಆಗ ಯೋಜನೆಯನ್ನು ರಚಿಸುತ್ತಿದ್ದ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮುಂದಿನದೆಲ್ಲವೂ ಅದರ ಮೇಲೆಯೇ ನಿಂತಿದೆ. ಬಾಗುವ ಸೀಸದ ಪಟ್ಟಿಯನ್ನು ರೋಗಿಯ ಸೊಂಟದ ಸುತ್ತ ಒತ್ತಿ, ಆ ಆಕಾರವನ್ನು ಕಾಗದದ ಮೇಲೆ ಗೆರೆಯೆಳೆದು ತೆಗೆದುಕೊಳ್ಳುತ್ತಿದ್ದರು. ಗ್ರಂಥಿಯು ಆ ಆಕಾರದೊಳಗೆ ಎಲ್ಲಿರಬಹುದೆಂಬುದನ್ನು ಎಲುಬುಗಳ ಚಿತ್ರದಿಂದ ಊಹಿಸಿ ಗುರುತುಮಾಡುತ್ತಿದ್ದರು. ನೀರಿನ ತೊಟ್ಟಿಯಲ್ಲಿ ಮೊದಲೇ ಅಳೆದು ಬರೆದಿಟ್ಟ ಸಮಪ್ರಮಾಣರೇಖೆಗಳ ನಕ್ಷೆಯೊಂದು ಪ್ರತಿಯೊಂದು ಕಿರಣಪುಂಜಕ್ಕೂ ಇರುತ್ತಿದ್ದಿತು. ಭೂಪಟದಲ್ಲಿ ಒಂದೇ ಎತ್ತರದ ಸ್ಥಳಗಳನ್ನು ಕೂಡಿಸುವ ಗೆರೆಗಳಂತೆ ಇವು ಒಂದೇ ಪ್ರಮಾಣದ ಕಿರಣ ಬೀಳುವ ಬಿಂದುಗಳನ್ನು ಕೂಡಿಸುವ ಗೆರೆಗಳು. ಇಂಥ ಮೂರು ನಾಲ್ಕು ನಕ್ಷೆಗಳನ್ನು ಬೇರೆಬೇರೆ ದಿಕ್ಕುಗಳಿಂದ ಒಂದರ ಮೇಲೊಂದಿಟ್ಟು, ಬಿಂದು ಬಿಂದುವಿನಲ್ಲಿಯೂ ಅಂಕೆಗಳನ್ನು ಕೂಡಿಸಿ ಹೊಸ ರೇಖೆಗಳನ್ನು ಎಳೆಯಬೇಕು. ವೈದ್ಯನು ಅದನ್ನು ನೋಡಿ, ಇಲ್ಲಿ ಹೆಚ್ಚಾಯಿತು, ಅಲ್ಲಿ ಕಡಮೆಯಾಯಿತು ಎನ್ನುವನು, ಮತ್ತೆ ಕೂಡಿಸಬೇಕು. ವೈದ್ಯನಿಗೆ ತೃಪ್ತಿಯಾಗುವವರೆಗೂ ಇದು ಹೀಗೆಯೇ ನಡೆಯುವುದು. ತೃಪ್ತಿ ಏತರಿಂದ ಆಗುವುದೆಂದು ಕೇಳಿದವರಿಲ್ಲ; ಕೇಳಿದ್ದರೂ ಉತ್ತರ ಹೇಳುವುದು ಕಷ್ಟವಾಗುತ್ತಿದ್ದಿತು.

ಈ ಕೂಡುವ ಕೆಲಸವು ಮೊದಲು ಯಂತ್ರಕ್ಕೆ ಹೋಯಿತು. ೧೯೫೫ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಕೇಂದ್ರದ ಕೆ. ಸಿ. ತ್ಸಿಯೆನ್ ಎಂಬಾತನು ನಕ್ಷೆಗಳ ಅಂಕೆಗಳನ್ನು ರಂಧ್ರಪತ್ರಗಳ ಮೇಲೆ ದಾಖಲೆಮಾಡಿ, ಲೆಕ್ಕದ ಯಂತ್ರದಿಂದ ಕೂಡಿಸುವ ಮಾರ್ಗವನ್ನು ಬ್ರಿಟಿಷ್ ಕಿರಣವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟಿಸಿದನು. ಗಣಕಯಂತ್ರವು ಚಿಕಿತ್ಸಾಯೋಜನೆಯೊಳಕ್ಕೆ ಕಾಲಿಟ್ಟುದು ಈ ಲೇಖನದಿಂದಲೇ ಎಂದು ಇತಿಹಾಸಕಾರರು ಗಣಿಸುತ್ತಾರೆ. ಇಲ್ಲಿ ಯಂತ್ರವು ಮಾಡಿದುದು ಗುಮಾಸ್ತೆಯ ಕೆಲಸ. ಕಿರಣಪುಂಜಗಳನ್ನು ಆರಿಸುವುದೂ ಫಲವನ್ನು ಒಪ್ಪುವುದೂ ಮೊದಲಿನಂತೆ ಮನುಷ್ಯನವೇ ಆಗಿದ್ದುವು.

ಮರುವರ್ಷ ದಕ್ಷಿಣ ಆಫ್ರಿಕದಲ್ಲಿ ನಡೆದ ಒಂದು ಸಂಗತಿಯು ಈ ಚರಿತ್ರೆಯಲ್ಲಿ ಬಹಳ ಮುಖ್ಯವಾದುದು. ಕೇಪ್‌ಟೌನ್ ನಗರದ ಗ್ರೂಟ್ ಸ್ಕೂರ್ ಆಸ್ಪತ್ರೆಯಲ್ಲಿ ಭೌತಶಾಸ್ತ್ರಜ್ಞನ ಸ್ಥಾನವು ತೆರವಾಗಿದ್ದಿತು. ವಿಕಿರಣವಸ್ತುಗಳ ಬಳಕೆಯನ್ನು ಅರ್ಹನಾದ ಭೌತಶಾಸ್ತ್ರಜ್ಞನೊಬ್ಬನು ನೋಡಿಕೊಳ್ಳಲೇಬೇಕೆಂದು ಕಾನೂನಿದ್ದುದರಿಂದ, ವಿಶ್ವವಿದ್ಯಾನಿಲಯದಲ್ಲಿ ಉಪನ್ಯಾಸಕನಾಗಿದ್ದ ಅಲನ್ ಕಾರ್ಮಕ್ ಎಂಬಾತನು ೧೯೫೬ರಲ್ಲಿ ವಾರಕ್ಕೆ ಒಂದೂವರೆ ದಿನದಂತೆ ಆಸ್ಪತ್ರೆಗೆ ಬಂದು ಹೋಗತೊಡಗಿದನು. ಮೇಲೆ ಹೇಳಿದಂತೆ ನಕ್ಷೆಗಳನ್ನು ಒಂದರ ಮೇಲೊಂದಿಟ್ಟು ಕೂಡಿಸುವುದನ್ನು ಆತನು ಅಲ್ಲಿ ಕಣ್ಣಾರೆ ಕಂಡನು. ಆತನಿಗೆ ವಿಚಿತ್ರವಾಗಿ ತೋರಿದುದು ಇನ್ನೊಂದು. ನಕ್ಷೆಗಳೆಲ್ಲವೂ ಏಕರೂಪವಾದ ವಸ್ತುವಿಗಾಗಿ ರಚಿತವಾದುವು. ಮನುಷ್ಯದೇಹವಾದರೋ ಎಲುಬು, ಮಾಂಸ, ಗಾಳಿ ಇವುಗಳ ಕೂಟ. ದೇಹದೊಳಗೆ ಯಾವ ಸ್ಥಳವು ಕಿರಣವನ್ನು ಎಷ್ಟು ಹೀರುವುದೆಂಬುದನ್ನು ತಿಳಿಯದೆ ಯೋಜನೆಯನ್ನು ರಚಿಸುವುದಾದರೂ ಹೇಗೆ? ಹೊರಗಿನಿಂದ ಅನೇಕ ದಿಕ್ಕುಗಳಲ್ಲಿ ಕಿರಣವನ್ನು ಹಾಯಿಸಿ ಅಳೆದರೆ ಒಳಗಿನ ಚಿತ್ರವನ್ನು ಗಣಿತದಿಂದ ಪಡೆಯಬಹುದೇ? ಈ ಪ್ರಶ್ನೆಗೆ ಕಾರ್ಮಕ್ ಉತ್ತರವನ್ನು ಕಂಡುಕೊಂಡು ೧೯೬೩ ಮತ್ತು ೧೯೬೪ರಲ್ಲಿ ಪ್ರಕಟಿಸಿದನು. ಲೇಖನಗಳನ್ನು ಓದಿ ಬರೆದವರು ಇಲ್ಲವೆನ್ನುವಷ್ಟು ವಿರಳ. ಪ್ರತಿಯನ್ನು ಕೇಳಿದವರಲ್ಲಿ ಸ್ವಿಟ್ಸರ್ಲೆಂಡಿನ ಹಿಮಪಾತ ಸಂಶೋಧನ ಕೇಂದ್ರವೂ ಒಂದೆಂಬುದನ್ನು ಆತನೇ ಮುಂದೆ ವಿನೋದವಾಗಿ ಹೇಳಿಕೊಂಡನು. ಇಂಗ್ಲೆಂಡಿನಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಸ್ವತಂತ್ರವಾಗಿ ಇದೇ ತತ್ತ್ವದ ಯಂತ್ರವನ್ನು ಕಟ್ಟಿ, ೧೯೭೧ರಲ್ಲಿ ಮೊದಲ ರೋಗಿಯ ಮೆದುಳಿನ ಚಿತ್ರವನ್ನು ತೆಗೆದನು. ಇದೇ ಈಗ ಊರೂರಿಗೂ ಪರಿಚಿತವಾಗಿರುವ ಸಿ. ಟಿ. ಸ್ಕ್ಯಾನ್. ೧೯೭೯ರ ನೊಬೆಲ್ ಪಾರಿತೋಷಕವನ್ನು ಇಬ್ಬರೂ ಹಂಚಿಕೊಂಡರು. ರೋಗಪರೀಕ್ಷೆಯ ಮಹಾಸಾಧನವೆಂದು ಹೊಗಳಿಸಿಕೊಳ್ಳುವ ಈ ವಿದ್ಯೆಗೆ ಕಾರ್ಮಕನ ಮಟ್ಟಿಗೆ ಮೂಲವು ಕಿರಣಚಿಕಿತ್ಸೆಯ ಯೋಜನೆಯೊಂದರ ಕೊರತೆ ಎಂಬುದನ್ನು ನೆನೆಯುವವರು ಕಡಮೆ.

ಸ್ಕ್ಯಾನ್ ಬಂದ ಮೇಲೆ ಗ್ರಂಥಿಯನ್ನು ಊಹಿಸಬೇಕಾದ ಕಷ್ಟವು ತಪ್ಪಿತು. ಅಡ್ಡಕೊಯ್ತದ ಒಂದೊಂದು ಚಿತ್ರದಲ್ಲಿಯೂ ಗ್ರಂಥಿ, ಮೂತ್ರಕೋಶ, ಗುದನಾಳಗಳ ಎಲ್ಲೆಗಳನ್ನು ವೈದ್ಯನು ಗೆರೆಯೆಳೆದು ತೋರಿಸಬಹುದಾಯಿತು. ೧೯೮೩ರಲ್ಲಿ ಬಾಸ್ಟನ್ ನಗರದ ಮೈಕೆಲ್ ಗೋಯ್ಟೈನ್ ಮತ್ತು ಸಂಗಡಿಗರು, ಕಿರಣದ ಮೂಲದಲ್ಲಿ ಕಣ್ಣಿಟ್ಟು ನೋಡಿದರೆ ಅಂಗಾಂಗಗಳು ಹೇಗೆ ಕಾಣುವುವೋ ಹಾಗೆಯೇ ತೋರಿಸುವ ಚಿತ್ರಗಳನ್ನು ಯೋಜನೆಯಲ್ಲಿ ಬಳಸುವ ಬಗೆಯನ್ನು ವಿವರಿಸಿದರು. ಇದಕ್ಕಿಂತಲೂ ದೊಡ್ಡ ಪರಿಣಾಮವನ್ನು ಮಾಡಿದುದು ಒಂದು ಸರಳವಾದ ವಕ್ರರೇಖೆ. ಗುದನಾಳದ ನೂರಕ್ಕೆ ಎಷ್ಟು ಭಾಗವು ಎಷ್ಟಕ್ಕಿಂತ ಹೆಚ್ಚಿನ ಪ್ರಮಾಣವನ್ನು ಪಡೆಯುವುದೆಂಬುದನ್ನು ತೋರಿಸುವ ರೇಖೆಯದು. ಇದರಿಂದ ವೈದ್ಯನ ಮಾತಿನ ರೂಪವೇ ಬದಲಾಯಿತು. ‘ಹಿಂಭಾಗದಲ್ಲಿ ಸ್ವಲ್ಪ ಹೆಚ್ಚಾಯಿತು’ ಎನ್ನುತ್ತಿದ್ದವನು ‘ಗುದನಾಳದ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚಿನದಕ್ಕೆ ೭೦ ಗ್ರೇ ಬೀಳಕೂಡದು’ ಎನ್ನುವಂತಾಯಿತು. ಗ್ರೇ ಎಂಬುದು ಈಗಿನ ಮಾನ. ಒಂದು ಕಿಲೋಗ್ರಾಂ ವಸ್ತುವು ಒಂದು ಜೌಲ್ ಶಕ್ತಿಯನ್ನು ಹೀರಿದರೆ ಅದು ಒಂದು ಗ್ರೇ. ಅರ್ಬುದವನ್ನು ಕೊಲ್ಲುವ ೬೦ ಗ್ರೇ ಪ್ರಮಾಣವು ಅಷ್ಟೇ ತೂಕದ ನೀರನ್ನು ಒಂದು ಡಿಗ್ರಿಯ ಎಪ್ಪತ್ತನೆಯ ಒಂದು ಪಾಲಿನಷ್ಟು ಬಿಸಿಮಾಡಲು ಮಾತ್ರ ಸಾಕು. ಜೀವಕಣವನ್ನು ಕೊಲ್ಲುವುದು ಬಿಸಿಯಲ್ಲ, ಅದರ ಅಂತರಂಗದಲ್ಲಿ ಆಗುವ ಭಂಗ.

ಅಂಕೆಗಳಲ್ಲಿ ಮಾತನಾಡಬಹುದಾದ ಮೇಲೆ ಪ್ರಶ್ನೆಯನ್ನು ತಲೆಕೆಳಗು ಮಾಡುವುದು ಸಾಧ್ಯವಾಯಿತು. ಅಲ್ಲಿಯವರೆಗೆ ಕಿರಣಪುಂಜಗಳನ್ನು ಮೊದಲು ಆರಿಸಿ ಫಲವೇನೆಂದು ನೋಡುತ್ತಿದ್ದರು. ಬೇಕಾದ ಫಲವನ್ನೇ ಮೊದಲು ಹೇಳಿ, ಅದಕ್ಕೆ ತಕ್ಕ ಕಿರಣಗಳಾವುವೆಂದು ಕೇಳಬಾರದೇಕೆ? ೧೯೮೨ರಲ್ಲಿ ಸ್ವೀಡನ್ ದೇಶದ ಆಂಡರ್ಸ್ ಬ್ರಾಮೆ ಮತ್ತು ಸಂಗಡಿಗರು ಒಂದು ಸರಳ ಸಂದರ್ಭಕ್ಕೆ ಈ ವಿಲೋಮಸಮಸ್ಯೆಯನ್ನು ಬಿಡಿಸಿ ತೋರಿಸಿದರು. ೧೯೮೭ರಲ್ಲಿ ಕಾರ್ಮಕನೇ ಮತ್ತೆ ಈ ಕಡೆಗೆ ತಿರುಗಿ, ಸುತ್ತುವ ಕಿರಣದ ಚಿಕಿತ್ಸೆಯ ಗಣಿತವನ್ನು ಕುರಿತು ಬರೆದನು. ಯೋಜನೆಯಿಂದ ಹುಟ್ಟಿದ ಚಿತ್ರಗಣಿತವು ಮೂವತ್ತು ವರ್ಷಗಳ ಮೇಲೆ ಯೋಜನೆಗೇ ಮರಳಿ ಬಂದಿತು. ೧೯೮೯ರಲ್ಲಿ ಇಂಗ್ಲೆಂಡಿನ ಸ್ಟೀವ್ ವೆಬ್, ಕಾಯಿಸಿದ ಲೋಹವನ್ನು ಮೆಲ್ಲಮೆಲ್ಲನೆ ಆರಿಸಿ ಹದಕ್ಕೆ ತರುವ ಕ್ರಿಯೆಯನ್ನು ಅನುಕರಿಸುವ ಗಣಿತದಿಂದಲೂ, ೧೯೯೦ರಲ್ಲಿ ಜರ್ಮನಿಯ ತೋಮಾಸ್ ಬೋರ್ಟ್‌ಫೆಲ್ಡ್ ಸ್ಕ್ಯಾನ್ ಚಿತ್ರಗಳನ್ನು ಕಟ್ಟುವ ವಿಧಾನದಿಂದಲೂ ಈ ಸಮಸ್ಯೆಯನ್ನು ಎದುರಿಸಿದರು.

ಈ ಗಣಿತಜ್ಞರೆಲ್ಲರಿಗೂ ಎದುರಾದ ವಿಘ್ನವು ಒಂದೇ. ಗ್ರಂಥಿಗೆ ಪೂರ್ತಿ ಪ್ರಮಾಣ, ಗುದನಾಳಕ್ಕೆ ಸೊನ್ನೆ ಎಂದು ಕೇಳಿದರೆ, ಸಮೀಕರಣವು ಕೆಲವೆಡೆಗಳಲ್ಲಿ ಋಣಸಂಖ್ಯೆಯ ಕಿರಣಗಳನ್ನು ಉತ್ತರವಾಗಿ ಕೊಡುತ್ತದೆ. ಒಮ್ಮೆ ಬಿದ್ದ ಕಿರಣವನ್ನು ಹಿಂದಕ್ಕೆ ತೆಗೆದುಕೊಳ್ಳುವ ಕಿರಣವು ಜಗತ್ತಿನಲ್ಲಿಲ್ಲ. ಆದುದರಿಂದ ಕೇಳಿದುದನ್ನು ಯಥಾವತ್ತಾಗಿ ಕೊಡುವ ಯೋಜನೆಯೂ ಇಲ್ಲ. ಒಂದನ್ನು ಪಡೆಯಲು ಇನ್ನೊಂದನ್ನು ಎಷ್ಟು ಬಿಟ್ಟುಕೊಡಬಹುದೆಂಬುದನ್ನು ಹೇಳಿಯೇ ತೀರಬೇಕು. ಇದನ್ನು ಗಣಿತವು ಹೇಳಲಾರದು. ವೈದ್ಯನು ಹೇಳಬೇಕು, ಅದಕ್ಕೆ ಮೊದಲು ರೋಗಿಯ ಮನಸ್ಸನ್ನೂ ತಿಳಿಯಬೇಕು. ಪ್ರತಿಯೊಂದು ಅಪೇಕ್ಷೆಗೂ ಇಷ್ಟಿಷ್ಟು ತೂಕವೆಂದು ಸಂಖ್ಯೆಯೊಂದನ್ನು ಕೊಡುವ ಪದ್ಧತಿಯು ಹೀಗೆ ಬಳಕೆಗೆ ಬಂದಿತು. ಯಂತ್ರವು ಆ ತೂಕಗಳನ್ನು ನಂಬಿ ಕೆಲಸಮಾಡುವುದು. ಆದರೆ ರಕ್ತಸ್ರಾವದ ಭಯವೊಂದು ಕಡೆ, ರೋಗವು ಮರುಕಳಿಸುವ ಭಯವೊಂದು ಕಡೆ ಇರುವಾಗ, ಒಂದಕ್ಕೆ ೧೦೦ ಎಂದೂ ಇನ್ನೊಂದಕ್ಕೆ ೪೦ ಎಂದೂ ಯಾವ ತಕ್ಕಡಿಯಲ್ಲಿ ತೂಗಬೇಕು? ಯೋಜನೆಯನ್ನು ರಚಿಸುವವನು ಒಂದು ಸಂಖ್ಯೆಯನ್ನು ಹಾಕಿ, ಫಲವನ್ನು ನೋಡಿ, ಸಂಖ್ಯೆಯನ್ನು ಬದಲಾಯಿಸಿ, ಮತ್ತೆ ನೋಡುವನು. ನಕ್ಷೆಗಳನ್ನು ಒಂದರ ಮೇಲೊಂದಿಡುತ್ತಿದ್ದ ಹಳೆಯ ಕೆಲಸವೇ ವೇಷಾಂತರದಿಂದ ಮರಳಿ ಬಂದಿತೆನ್ನಬಹುದು.

ಇಷ್ಟೆಲ್ಲ ಶ್ರಮವು ಸಾರ್ಥಕವೇ ಎಂಬುದಕ್ಕೆ ಆಸ್ಪತ್ರೆಗಳಿಂದಲೇ ಉತ್ತರ ಬರಬೇಕಾಗಿದ್ದಿತು. ೧೯೯೯ರಲ್ಲಿ ಇಂಗ್ಲೆಂಡಿನ ಡೇವಿಡ್ ಡಿಯರ್ನ್‌ಲಿ ಮತ್ತು ಸಂಗಡಿಗರು ೨೨೫ ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಪಂಗಡಗಳಾಗಿ ವಿಭಾಗಿಸಿ ಮಾಡಿದ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಇಬ್ಬರಿಗೂ ಕೊಟ್ಟುದು ೬೪ ಗ್ರೇ. ಹಳೆಯ ಚೌಕಾಕಾರದ ಕಿರಣಪುಂಜಗಳ ಪಂಗಡದಲ್ಲಿ ನೂರಕ್ಕೆ ೧೫ ಮಂದಿಗೆ ಗಣನೀಯವಾದ ಗುದನಾಳದ ಉರಿ ಮತ್ತು ರಕ್ತಸ್ರಾವಗಳು ಉಂಟಾದುವು. ಗ್ರಂಥಿಯ ಆಕಾರಕ್ಕೆ ಅಳವಡಿಸಿದ ಪುಂಜಗಳ ಪಂಗಡದಲ್ಲಿ ನೂರಕ್ಕೆ ೫ ಮಂದಿಗೆ ಮಾತ್ರ. ಇದೇ ಕಾಲದಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ೩೦೧ ರೋಗಿಗಳಿಗೆ ೭೦ ಗ್ರೇ ಅಥವಾ ೭೮ ಗ್ರೇ ಕೊಟ್ಟು ನೋಡಿದರು. ೨೦೦೨ರಲ್ಲಿ ಪ್ರಕಟವಾದ ಫಲವು ಎರಡು ಅಲುಗಿನ ಕತ್ತಿಯಂತಿದ್ದಿತು. ಹೆಚ್ಚಿನ ಪ್ರಮಾಣದಿಂದ ಆರು ವರ್ಷಗಳವರೆಗೆ ರೋಗವು ಮರುಕಳಿಸದೆ ಇದ್ದವರು ನೂರಕ್ಕೆ ೬೪ರಿಂದ ೭೦ಕ್ಕೆ ಏರಿದರು. ಆದರೆ ಗುದನಾಳದ ಉಪದ್ರವವೂ ೧೨ರಿಂದ ೨೬ಕ್ಕೆ ಏರಿತು. ಪ್ರಮಾಣವನ್ನು ಏರಿಸಬೇಕು, ಗುದನಾಳವನ್ನು ಉಳಿಸಬೇಕು ಎಂಬ ಎರಡು ಹಟಗಳನ್ನೂ ಒಟ್ಟಿಗೆ ಸಾಧಿಸಿದುದು ವಿಲೋಮಯೋಜನೆ. ನ್ಯೂಯಾರ್ಕಿನ ಮೈಕೆಲ್ ಜೆಲೆಫ್ಸ್ಕಿ ಮತ್ತು ಸಂಗಡಿಗರು ೨೦೦೦ದಲ್ಲಿ ಪ್ರಕಟಿಸಿದ ಅನುಭವದಲ್ಲಿ, ೮೧ ಗ್ರೇ ಪಡೆದವರ ಪೈಕಿ ಎರಡು ವರ್ಷಗಳೊಳಗೆ ಗಣನೀಯವಾದ ರಕ್ತಸ್ರಾವವನ್ನು ಅನುಭವಿಸಿದವರು ಹಿಂದಿನ ಪದ್ಧತಿಯಲ್ಲಿ ನೂರಕ್ಕೆ ೧೦, ಹೊಸ ಪದ್ಧತಿಯಲ್ಲಿ ೨. ಈ ಅಂತರವನ್ನು ಕ್ಷುಲ್ಲಕವೆಂದು ಎಣಿಸುವಂತಿಲ್ಲ. ಬ್ರಿಟನ್ನಿನಲ್ಲಿ ೧,೬೪೩ ಮಂದಿಯನ್ನು ಒಳಗೊಂಡು ನಡೆದ ಒಂದು ದೊಡ್ಡ ಪರೀಕ್ಷೆಯಲ್ಲಿ, ರೋಗವು ಇನ್ನೂ ಗ್ರಂಥಿಯೊಳಗೇ ಇದ್ದಾಗ ಪತ್ತೆಯಾದವರ ಪೈಕಿ ಸುಮಾರು ಹದಿನೈದು ವರ್ಷಗಳಲ್ಲಿ ಈ ರೋಗದಿಂದ ಮೃತರಾದವರು, ಯಾವ ಚಿಕಿತ್ಸೆಯೇ ಆಗಿರಲಿ, ನೂರಕ್ಕೆ ಮೂವರಿಗಿಂತ ಸ್ವಲ್ಪ ಕಡಮೆಯೆಂದು ೨೦೨೩ರಲ್ಲಿ ತಿಳಿದುಬಂದಿತು. ಬದುಕುವವರೇ ಬಹುಸಂಖ್ಯಾತರಾದ ಮೇಲೆ ಹೇಗೆ ಬದುಕುತ್ತಾರೆಂಬುದೂ ಚಿಕಿತ್ಸೆಯ ವಿಷಯವೇ ಆಗುತ್ತದೆ.

ಒಳ್ಳೆಯ ಯೋಜನೆಗೂ ಕೆಟ್ಟ ಯೋಜನೆಗೂ ಇಷ್ಟು ಅಂತರವಿರುವಾಗ, ಅದನ್ನು ರಚಿಸುವ ಕೈಗಳು ಎಷ್ಟರಮಟ್ಟಿಗೆ ಸಮಾನವೆಂಬ ಶಂಕೆ ಹುಟ್ಟಿತು. ೨೦೧೨ರಲ್ಲಿ ಬೆಂಜಮಿನ್ ನೆಲ್ಮ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ ಪ್ರಾಸ್ಟೇಟ್ ರೋಗಿಯೊಬ್ಬನ ಒಂದೇ ಚಿತ್ರಾವಳಿಯನ್ನು ಬೇರೆಬೇರೆ ಆಸ್ಪತ್ರೆಗಳ ಯೋಜನಾಕಾರರಿಗೆ ಕೊಟ್ಟಿದ್ದರು. ಗುರಿಗಳೆಲ್ಲವನ್ನೂ ಮೊದಲೇ ಬರೆದುಕೊಟ್ಟಿದ್ದರು, ಒಂದೊಂದಕ್ಕೂ ಅಂಕಗಳಿದ್ದುವು. ೧೨೫ ಯೋಜನೆಗಳು ಬಂದುವು. ೧೫೦ ಅಂಕಗಳಿಗೆ ೧೪೨ರವರೆಗೆ ಪಡೆದವರಿದ್ದರು, ೫೮ಕ್ಕೆ ನಿಂತವರೂ ಇದ್ದರು. ಈ ವ್ಯತ್ಯಾಸಕ್ಕೆ ಯಂತ್ರದ ಬಗೆಯಾಗಲಿ, ಯೋಜನಾಕಾರನ ಅನುಭವದ ವರ್ಷಗಳಾಗಲಿ, ಆತನು ಪಡೆದ ಪದವಿಯಾಗಲಿ ಕಾರಣವೆಂದು ಕಂಡುಬರಲಿಲ್ಲ. ಕೈಚಳಕವೆಂಬ ಹಳೆಯ ಮಾತನ್ನೇ ಬಳಸಬೇಕಾಯಿತು. ೨೦೧೫ರಲ್ಲಿ ಕೆವಿನ್ ಮೂರ್ ಮತ್ತು ಸಂಗಡಿಗರು ಇದರ ಬೆಲೆಯನ್ನು ರೋಗಿಯ ಕಡೆಯಿಂದ ಲೆಕ್ಕಹಾಕಿದರು. ಅಮೆರಿಕದಲ್ಲಿ ನಡೆದಿದ್ದ ಒಂದು ದೊಡ್ಡ ಪ್ರಾಸ್ಟೇಟ್ ಪರೀಕ್ಷೆಯ ಕಡತಗಳಿಂದ ೨೧೯ ಜನರ ಯೋಜನೆಗಳನ್ನು ತೆಗೆದು, ಆಯಾ ದೇಹರಚನೆಗೆ ಸಾಧ್ಯವಾಗಿದ್ದ ಉತ್ತಮ ಯೋಜನೆಯೊಡನೆ ಹೋಲಿಸಿದರು. ೯೪ ಮಂದಿಗೆ ಗುದನಾಳದ ಉಪದ್ರವದ ಸಂಭವವು ಇರಬೇಕಾದುದಕ್ಕಿಂತ ನೂರಕ್ಕೆ ೫ರಷ್ಟಾದರೂ ಹೆಚ್ಚಾಗಿದ್ದಿತು. ೨೦ ಮಂದಿಗೆ ೧೦ರಷ್ಟಾದರೂ ಹೆಚ್ಚಾಗಿದ್ದಿತು. ಇವರಾರೂ ಅಲಕ್ಷ್ಯಕ್ಕೆ ಗುರಿಯಾದವರಲ್ಲ. ಕಟ್ಟುಪಾಡುಗಳ ಪರೀಕ್ಷೆಯಲ್ಲಿ ಸೇರಿ, ನಿಯಮಗಳಿಗೆ ಒಳಪಟ್ಟ ಯೋಜನೆಗಳಿಂದಲೇ ಚಿಕಿತ್ಸೆ ಪಡೆದವರು. ನಿಯಮವು ಇಷ್ಟಕ್ಕಿಂತ ಹೆಚ್ಚಬಾರದೆಂದು ಹೇಳುತ್ತದೆ. ಈ ಮನುಷ್ಯನಿಗೆ ಇನ್ನೂ ಕಡಮೆಯಾಗಬಹುದಾಗಿತ್ತೆಂದು ಹೇಳುವುದಿಲ್ಲ.

ಯೋಜನೆಯನ್ನು ಯಂತ್ರದಿಂದಲೇ ರಚಿಸಬೇಕೆಂಬ ಪ್ರಯತ್ನಕ್ಕೆ ಬಲವಾದ ಸಮರ್ಥನೆಯು ದೊರೆಯುವುದು ಇಂಥ ಕಡತಗಳಲ್ಲಿಯೇ. ವೇಗವೂ ಉಳಿತಾಯವೂ ಅದರ ಮುಂದೆ ಗೌಣ. ಪ್ರಯತ್ನಗಳು ಮುಖ್ಯವಾಗಿ ಎರಡು ದಾರಿಗಳನ್ನು ಹಿಡಿದುವು. ಒಂದು, ಪೂರ್ವಿಕರನ್ನು ಅನುಸರಿಸುವ ದಾರಿ. ಹಿಂದಿನ ಒಳ್ಳೆಯ ಯೋಜನೆಗಳನ್ನು ಯಂತ್ರಕ್ಕೆ ಒಪ್ಪಿಸಿ, ಗ್ರಂಥಿಗೂ ಗುದನಾಳಕ್ಕೂ ಇರುವ ದೂರ, ಅವುಗಳು ಪರಸ್ಪರ ಹಾಸಿಕೊಂಡಿರುವ ಪರಿಮಾಣ ಇವುಗಳಿಂದ, ಹೊಸ ರೋಗಿಯಲ್ಲಿ ಗುದನಾಳವನ್ನು ಎಷ್ಟರಮಟ್ಟಿಗೆ ಉಳಿಸಬಹುದೆಂಬುದನ್ನು ಮುಂಚಿತವಾಗಿ ಹೇಳಿಸುವುದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಮತ್ತು ಡ್ಯೂಕ್ ವಿದ್ಯಾಪೀಠಗಳ ಪಂಡಿತರು ೨೦೦೯ರಿಂದ ೨೦೧೨ರವರೆಗೆ ಇದರ ಬುನಾದಿಯನ್ನು ಹಾಕಿದರು. ಮೂರ್ ಹಾಕಿದ ಲೆಕ್ಕವೂ ಈ ಜಾತಿಯದೇ. ಇನ್ನೊಂದು, ಅಪೇಕ್ಷೆಗಳನ್ನು ಕ್ರಮಪಡಿಸುವ ದಾರಿ. ಹಾಲೆಂಡಿನ ರಾಟರ್ಡ್ಯಾಮ್ ನಗರದ ಬ್ರೇಡ್‌ವೆಲ್ಡ್, ಹೈಮೆನ್ ಮೊದಲಾದವರು ತೂಕದ ಸಂಖ್ಯೆಗಳನ್ನು ಬಿಟ್ಟುಬಿಟ್ಟು, ಮೀರಲೇಬಾರದ ನಿಬಂಧನೆಗಳು ಇವು, ಅನಂತರ ಮೊದಲು ಇದು, ಆಮೇಲೆ ಇದು ಎಂದು ವೈದ್ಯರಿಂದ ಒಂದು ಬಯಕೆಪಟ್ಟಿಯನ್ನು ಬರೆಯಿಸಿಕೊಂಡರು. ಯಂತ್ರವು ಮೇಲಿನದನ್ನು ಸಾಧಿಸಿದ ಮೇಲೆ ಅದಕ್ಕೆ ಭಂಗ ಬಾರದಂತೆ ಕೆಳಗಿನದನ್ನು ಸಾಧಿಸುತ್ತ ಹೋಗುವುದು. ಒಂದನ್ನು ಕೆಡಿಸದೆ ಇನ್ನೊಂದನ್ನು ಉತ್ತಮಪಡಿಸಲಾಗದ ಈ ಸ್ಥಿತಿಯನ್ನು ಇಟಲಿಯ ಅರ್ಥಶಾಸ್ತ್ರಜ್ಞ ಪರೇತೋ ಬಹುಹಿಂದೆಯೇ ನಿರೂಪಿಸಿದ್ದನು. ಸಂಪತ್ತನ್ನು ಕುರಿತು ಹುಟ್ಟಿದ ವಿಚಾರವು ಗುದನಾಳದ ರಕ್ಷಣೆಗೆ ಬಂದುದು ಶಾಸ್ತ್ರಗಳ ಸಂಬಂಧಕ್ಕೆ ಒಂದು ವಿಚಿತ್ರ ಉದಾಹರಣೆ. ೨೦೧೪ರಲ್ಲಿ ಈ ಪಂಗಡದ ಫುತ್ ಮೊದಲಾದವರು ೩೦ ಪ್ರಾಸ್ಟೇಟ್ ರೋಗಿಗಳಿಗೆ ಮನುಷ್ಯಹಸ್ತವಿಲ್ಲದೆ ಯೋಜನೆಗಳನ್ನು ರಚಿಸಿದರು. ಅವುಗಳು ನಿಪುಣನಾದ ಯೋಜನಾಕಾರನು ಸಾವಕಾಶವಾಗಿ ಕುಳಿತು ರಚಿಸಿದ ಯೋಜನೆಗಳಿಗೆ ಸಮನಾಗಿದ್ದುವು. ಆ ಪಟ್ಟಿಯನ್ನು ಸಿದ್ಧಪಡಿಸುವುದಕ್ಕೆ ವೈದ್ಯರೊಡನೆ ಮತ್ತೆ ಮತ್ತೆ ಕುಳಿತು ಚರ್ಚಿಸಬೇಕಾಗುತ್ತದೆ. ತೃಪ್ತಿ ಏತರಿಂದ ಎಂಬ ಹಳೆಯ ಪ್ರಶ್ನೆಯನ್ನು ವೈದ್ಯರಿಗೆ ನೇರವಾಗಿ ಕೇಳಿದವರು ಇವರೇ.

ಮೊದಲ ದಾರಿಗೆ ಒಂದು ದೋಷವಿದೆ. ಹಿಂದಿನವರ ಯೋಜನೆಗಳಿಂದ ಕಲಿತ ಯಂತ್ರವು ಹಿಂದಿನವರ ಪಕ್ಷಪಾತಗಳನ್ನೂ ಕಲಿಯುವುದು. ಎರಡು ದಾರಿಗಳಿಗೂ ಸಮಾನವಾದ ದೋಷವೊಂದಿದೆ. ಗ್ರಂಥಿಯ ಎಲ್ಲೆಯನ್ನು ತಪ್ಪಾಗಿ ಗೆರೆಯೆಳೆದಿದ್ದರೆ, ಯಂತ್ರವು ಆ ತಪ್ಪು ಎಲ್ಲೆಗೆ ಅತ್ಯುತ್ತಮವಾದ ಯೋಜನೆಯನ್ನು ನಿಷ್ಠೆಯಿಂದ ರಚಿಸಿಕೊಡುವುದು. ಪಾಠದೋಷವಿರುವ ಹಸ್ತಪ್ರತಿಗೆ ಬರೆದ ಪ್ರಾಮಾಣಿಕವಾದ ಟೀಕೆಯಂತೆ.

೨೦೨೧ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಿಂದ ಮ್ಯಾಕಿಂಟಾಷ್, ಪರ್ಡಿ ಮೊದಲಾದವರು ಪ್ರಕಟಿಸಿದ ಪ್ರಯೋಗವು ಈ ಚರಿತ್ರೆಯ ಅತ್ಯಂತ ವಿಚಾರಾರ್ಹವಾದ ಭಾಗ. ಹಿಂದಿನ ಯೋಜನೆಗಳಿಂದ ಕಲಿತ ಯಂತ್ರವೊಂದು ರಚಿಸಿದ ಯೋಜನೆಯನ್ನೂ ಮನುಷ್ಯನು ರಚಿಸಿದ ಯೋಜನೆಯನ್ನೂ, ಯಾವುದು ಯಾರದೆಂದು ತಿಳಿಸದೆ, ವೈದ್ಯರ ಮುಂದಿಟ್ಟು ಆರಿಸಲು ಹೇಳಿದರು. ಪ್ರಯೋಗವು ಎರಡು ಹಂತಗಳಲ್ಲಿ ನಡೆಯಿತು. ಮೊದಲ ಹಂತದ ೫೦ ರೋಗಿಗಳು ಅದಾಗಲೇ ಚಿಕಿತ್ಸೆ ಪಡೆದವರು. ಇಲ್ಲಿಯ ಆಯ್ಕೆಯಿಂದ ಯಾರಿಗೂ ಲಾಭವಿಲ್ಲ, ನಷ್ಟವಿಲ್ಲ. ಎರಡನೆಯ ಹಂತದ ೫೦ ರೋಗಿಗಳು ಚಿಕಿತ್ಸೆಗಾಗಿ ಕಾದಿದ್ದವರು. ಆರಿಸಿದ ಯೋಜನೆಯಂತೆಯೇ ಅವರ ಮೇಲೆ ಕಿರಣ ಹಾಯುವುದು. ಒಟ್ಟಿನಲ್ಲಿ ಯಂತ್ರದ ಯೋಜನೆಗಳಲ್ಲಿ ನೂರಕ್ಕೆ ೮೯ ಒಪ್ಪತಕ್ಕವೆಂದು ತೀರ್ಪಾಯಿತು. ನೂರಕ್ಕೆ ೭೨ ಸಂದರ್ಭಗಳಲ್ಲಿ ಮನುಷ್ಯನ ಯೋಜನೆಯನ್ನು ಬಿಟ್ಟು ಯಂತ್ರದ್ದನ್ನೇ ವೈದ್ಯರು ಆರಿಸಿದರು. ಯೋಜನಾಕಾರ್ಯಕ್ಕೆ ಹಿಡಿಯುತ್ತಿದ್ದ ಸುಮಾರು ೧೧೮ ಗಂಟೆಗಳ ಅವಧಿಯು ೪೭ಕ್ಕೆ ಇಳಿಯಿತು. ಆದರೆ ಎರಡು ಹಂತಗಳನ್ನು ಬೇರೆಬೇರೆಯಾಗಿ ನೋಡಿದಾಗ ಒಂದು ಭೇದವು ಕಂಡುಬಂದಿತು. ‘ಒಪ್ಪತಕ್ಕದ್ದು’ ಎಂಬ ತೀರ್ಪು ಎರಡರಲ್ಲಿಯೂ ಹೆಚ್ಚುಕಡಮೆ ಒಂದೇ ಆಗಿದ್ದಿತು. ಮೊದಲ ಹಂತದಲ್ಲಿ ೯೨, ಎರಡನೆಯದರಲ್ಲಿ ೮೬. ‘ಇದೇ ಇರಲಿ’ ಎಂದು ಯಂತ್ರದ ಯೋಜನೆಯನ್ನು ಆರಿಸಿದುದು ಮಾತ್ರ ೮೩ರಿಂದ ೬೧ಕ್ಕೆ ಇಳಿಯಿತು.

ಯಂತ್ರವು ಎರಡು ಹಂತಗಳಲ್ಲಿಯೂ ಅದೇ. ಯೋಜನೆಗಳ ಗುಣವು ಗಮನಾರ್ಹವಾಗಿ ಕುಗ್ಗಲಿಲ್ಲವೆಂಬುದಕ್ಕೆ ವೈದ್ಯರ ಒಪ್ಪಿಗೆಯೇ ಸಾಕ್ಷಿ. ಬದಲಾದುದು, ಕಡತದ ಹಿಂದೆ ಒಬ್ಬ ಜೀವಂತನಾದ ಮನುಷ್ಯನು ಕಾದಿರುವನೆಂಬ ತಿಳಿವಳಿಕೆ. ಪರಿಣಾಮವಿಲ್ಲದ ಕಡೆಯಲ್ಲಿ ಕೊಟ್ಟ ತೀರ್ಪನ್ನು ಪರಿಣಾಮವಿರುವ ಕಡೆಗೆ ಹಾಗೆಯೇ ಅನ್ವಯಿಸಕೂಡದೆಂದು ಸಂಶೋಧಕರು ಇದರಿಂದ ಎಚ್ಚರಿಸಿದ್ದಾರೆ. ವೈದ್ಯರ ಈ ಹಿಂಜರಿಕೆಯು ವಿವೇಕವೋ ಅಭ್ಯಾಸಬಲವೋ ಎಂಬುದನ್ನು ಆ ನೂರು ಯೋಜನೆಗಳಿಂದ ನಿರ್ಣಯಿಸುವಂತಿಲ್ಲ. ಅದಕ್ಕೆ ಆ ಎರಡನೆಯ ಹಂತದ ಐವತ್ತು ಮಂದಿಯಂಥವರನ್ನು ವರ್ಷಾಂತರಗಳವರೆಗೆ ವಿಚಾರಿಸುತ್ತ, ಯಾರ ಯೋಜನೆಯಿಂದ ಯಾರಿಗೆ ರಕ್ತಸ್ರಾವವಾಯಿತು, ಯಾರಿಗೆ ರೋಗವು ಮರಳಿತು ಎಂಬುದನ್ನು ಬರೆದಿಡಬೇಕಾಗುತ್ತದೆ.